ಬೆಲೆ ಕಟ್ಟುವಾಗ ಇಲ್ಲದ ಜಮೀನು, ಕಾರ್ಡು ಕೊಡುವಾಗ ಎಲ್ಲಿಂದ ಬಂತು?



ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂತು, ಕಿಡ್ನಿ ಕೆಟ್ಟಿತು, ಕ್ಯಾನ್ಸರ್ ಅಂತ ಡಾಕ್ಟರು ಚೀಟಿ ಬರೆದರು ಅಂದುಕೊಳ್ಳಿ. ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಕೇಳುವ ಮಾತು ರೋಗ ಯಾವುದು ಅಂತಲ್ಲ. ಕಾರ್ಡು ಯಾವುದು ಅಂತ. ಬಿಪಿಎಲ್ಲೋ, ಎಪಿಎಲ್ಲೋ? ಈ ಎರಡು ಅಕ್ಷರದ ವ್ಯತ್ಯಾಸದಲ್ಲಿ ಒಂದು ಎಕರೆ ಜಮೀನು ಅಡವಿಗೆ ಬೀಳುವುದೋ ಉಳಿಯುವುದೋ ತೀರ್ಮಾನವಾಗುತ್ತದೆ. ಪೇಟೆ ಧಾರಣೆ ಕುಸಿದು ಆಗುವ ಸಾಲದ ಬಗ್ಗೆ ನಾವು ತಿಂಗಳು ತಿಂಗಳೂ ಮಾತಾಡುತ್ತೇವೆ. ಆಸ್ಪತ್ರೆ ಬಾಗಿಲಲ್ಲಿ ಹುಟ್ಟುವ ಸಾಲದ ಬಗ್ಗೆ ಮಾತಾಡುವುದು ಕಡಿಮೆ. ಅದು ಹಣೆಬರಹ ಅಂತ ಬಿಟ್ಟುಬಿಡ್ತೀವಿ. ಹಣೆಬರಹ ಅಲ್ಲ ಸ್ವಾಮಿ, ಅದು ಕಚೇರಿಯಲ್ಲಿ ಕೂತು ಬರೆದ ಬರಹ. ಬರೆದವರಿಗೆ ತಿದ್ದುವುದಕ್ಕೂ ಬರುತ್ತದೆ.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ನಮ್ಮ ರಾಜ್ಯದಲ್ಲಿ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ ಬಂದು ಎರಡನ್ನೂ ಒಂದು ಮಾಡಿದರು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ನೂರಕ್ಕೆ 30 ಪಾಲು ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಮಿಕ್ಕ 70 ಪಾಲು ರೋಗಿಯದು.

ಒಂದು ಲಕ್ಷದ ಆಪರೇಷನ್ ಅಂದುಕೊಳ್ಳಿ. ಬಿಪಿಎಲ್ ಮನೆಯವನು ಕೈ ಬೀಸಿಕೊಂಡು ಊರಿಗೆ ಬರುತ್ತಾನೆ. ಎಪಿಎಲ್ ಮನೆಯವನು 70 ಸಾವಿರ ಹೊಂದಿಸಬೇಕು. ಬ್ಯಾಂಕಿನವರು ಆಪರೇಷನ್ನಿಗೆ ಬೆಳೆ ಸಾಲ ಕೊಡುವುದಿಲ್ಲ. ಕೈಸಾಲವೇ ಗತಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ 2,100, ವರ್ಷಕ್ಕೆ 25,200 ರೂಪಾಯಿ. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,290ರ ಲೆಕ್ಕದಲ್ಲಿ ಸುಮಾರು ಆರು ಕ್ವಿಂಟಾಲ್ ರಾಗಿ ಬರೀ ಬಡ್ಡಿಗೆ ಹೋಯಿತು. ಅಸಲು ಹಾಗೇ ಕೂತಿರುತ್ತದೆ.

ಹಾಗಾದರೆ ಬಿಪಿಎಲ್ ಯಾರಿಗೆ? ವರ್ಷದ ಆದಾಯ 1 ಲಕ್ಷ 20 ಸಾವಿರ ಮೀರಬಾರದು. ಮೂರು ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆಗಿಂತ ಹೆಚ್ಚು ಖುಷ್ಕಿ, ಇಲ್ಲವೇ ಅದಕ್ಕೆ ಸಮನಾದ ನೀರಾವರಿ ಜಮೀನು ಇರಬಾರದು. ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಇರಬಾರದು. ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಸರ್ಕಾರಿ ನೌಕರರಾಗಿರಬಾರದು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಬಡವರಿಗೆ ಸಲ್ಲಬೇಕಾದ್ದು ಬಡವರಿಗೇ ಸಲ್ಲಲಿ ಎಂಬುದನ್ನು ಯಾರು ಬೇಡ ಅಂತಾರೆ? ತಕರಾರು ಇರುವುದು ಬಡವ ಯಾರು ಅಂತ ಅಳೆಯುವ ಕೊಳಗದ ಬಗ್ಗೆ.

ಆ ಕೊಳಗ ಎಂಥದು ನೋಡಿ. ಕೇಂದ್ರ ಸರ್ಕಾರವೇ 2018-19ನೇ ಸಾಲಿಗೆ ದೇಶದ ರೈತ ಕುಟುಂಬಗಳ ಸಮೀಕ್ಷೆ ಮಾಡಿಸಿತು. ಬೆಳೆ, ಕೂಲಿ, ದನಕರು, ಸಣ್ಣಪುಟ್ಟ ವ್ಯಾಪಾರ ಎಲ್ಲಾ ಸೇರಿ ಒಂದು ರೈತ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ ಅಂತ ಬಂತು. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ-ಸಂಬಳದಿಂದ ಬಂದದ್ದು 4,063. ಅಂದರೆ ಹೊಲದ ಯಜಮಾನ ಅನ್ನಿಸಿಕೊಂಡವನಿಗೆ ಹೊಲಕ್ಕಿಂತ ಕೂಲಿಯೇ ಹೆಚ್ಚು ಕೊಟ್ಟಿತು. ಅರ್ಧಕ್ಕೂ ಹೆಚ್ಚು, ನೂರಕ್ಕೆ 50.2 ಕುಟುಂಬಗಳು ಸಾಲದಲ್ಲಿದ್ದವು. ಸರಾಸರಿ ಸಾಲ ಕುಟುಂಬಕ್ಕೆ 74,121 ರೂಪಾಯಿ. ಈಗ 10,218ನ್ನು ಹನ್ನೆರಡರಿಂದ ಗುಣಿಸಿ. 1,22,616 ಆಗುತ್ತದೆ. ನಮ್ಮ ಬಿಪಿಎಲ್ ಗೆರೆಗಿಂತ 2,616 ರೂಪಾಯಿ ಜಾಸ್ತಿ! ಅರ್ಧ ಜನ ಸಾಲದಲ್ಲಿ ಮುಳುಗಿರುವ ಇಂಥ ಒಕ್ಕಲು ಮಕ್ಕಳ ಸರಾಸರಿ ಮನೆ ಈ ಗೆರೆಯ ಪ್ರಕಾರ ಬಡತನ ದಾಟಿದ ಮನೆ. ಇದನ್ನು ಕೇಳಿ ನಗಬೇಕೋ ಅಳಬೇಕೋ ನೀವೇ ಹೇಳಿ.

ಸಾಲವೂ ಸಿರಿತನವಂತೆ

ಇನ್ನೊಂದು ಕೊಳಗ ದೆಹಲಿಯದು. ಆಯುಷ್ಮಾನ್ ಭಾರತದ ಫಲಾನುಭವಿಗಳ ಮೂಲ ಪಟ್ಟಿ ತಯಾರಾದದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಿಂದ. ಆ ಗಣತಿಯಲ್ಲಿ ಹಳ್ಳಿಯ ಯಾವ ಮನೆ ತಾನಾಗಿಯೇ ಪಟ್ಟಿಯಿಂದ ಹೊರಗೆ ಅನ್ನುವುದಕ್ಕೆ ಹದಿನಾಲ್ಕು ಗುರುತು ಮಾಡಿದ್ದರು. ಎರಡೂವರೆ ಎಕರೆ ನೀರಾವರಿ ಜಮೀನು, ಜೊತೆಗೊಂದು ಪಂಪ್‌ಸೆಟ್ಟು ಇದ್ದರೆ ಹೊರಗೆ. ಮನೆ ಮುಂದೆ ಮೋಟಾರ್ ಬೈಕು ನಿಂತಿದ್ದರೆ ಹೊರಗೆ. ಮನೆಯೊಳಗೆ ಫ್ರಿಜ್ಜು ಇದ್ದರೆ ಹೊರಗೆ. ಎಲ್ಲಕ್ಕಿಂತ ಚೆನ್ನಾದದ್ದು ಇನ್ನೊಂದಿದೆ: 50 ಸಾವಿರ ರೂಪಾಯಿಗೂ ಮೀರಿದ ಸಾಲದ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡು ಇದ್ದರೂ ಹೊರಗೆ!

ಏನು ಸ್ವಾಮಿ ಇದರ ಅರ್ಥ? ಬ್ಯಾಂಕಿನವನು ನಿನಗೆ ಸಾಲ ಕೊಡಲು ಒಪ್ಪಿದ್ದಾನೆ, ಆದ್ದರಿಂದ ನೀನು ಸಿರಿವಂತ! ಬೀಜ, ಗೊಬ್ಬರ, ಔಷಧಿಗೆ ಕೈಯಲ್ಲಿ ದುಡ್ಡಿಲ್ಲ ಅಂತಲೇ ಒಬ್ಬ ಬ್ಯಾಂಕಿನ ಬಾಗಿಲು ತಟ್ಟುತ್ತಾನೆ. ಆ ತಟ್ಟಿದ ಸದ್ದನ್ನೇ ಹಣದ ಸದ್ದು ಅಂತ ಬರೆದುಕೊಂಡರು. ಕೈಗಾರಿಕೆ ನಡೆಸುವವನ ಲೆಕ್ಕದಲ್ಲಿ ಸಾಲ ಹೊಣೆಯ ಕಡೆ ಬರುತ್ತದೆ. ಒಕ್ಕಲಿಗನ ಸಾಲ ಮಾತ್ರ ಆಸ್ತಿಯ ಕಡೆ ಹೋಗಿ ಕೂರುತ್ತದೆ. ನಮ್ಮ ರಾಜ್ಯದಲ್ಲಿ ರೇಷನ್ ಕಾರ್ಡನ್ನೇ ಆಧಾರ ಮಾಡಿಕೊಂಡದ್ದರಿಂದ ಆ ಗಣತಿಯಲ್ಲಿ ಹೊರಗುಳಿದ ಅನೇಕ ಕುಟುಂಬಗಳಿಗೂ ಚಿಕಿತ್ಸೆ ಸಿಕ್ಕಿತು, ನಿಜ. ಆದರೆ ರೇಷನ್ ಕಾರ್ಡಿನ ಕೊಳಗಕ್ಕೂ ಎಕರೆಯೇ ತಳ.

ಎರಡು ನಾಲಿಗೆ

ಇನ್ನು ಮುಖ್ಯ ಮಾತಿಗೆ ಬರೋಣ. ಬೆಂಬಲ ಬೆಲೆ ಕಟ್ಟುವಾಗ ಸರ್ಕಾರ ಏನು ಲೆಕ್ಕ ಹಾಕುತ್ತದೆ ಅಂತ ನಿಮಗೆ ಗೊತ್ತು. ಎ2 ಮತ್ತು ಎಫ್‌ಎಲ್ ಅನ್ನುವ ಲೆಕ್ಕ. ಬೀಜ, ಗೊಬ್ಬರ, ಕೂಲಿ, ಡೀಸೆಲ್ ಅಂತ ಕೈಯಿಂದ ಬಿಟ್ಟ ದುಡ್ಡು, ಅದರ ಮೇಲೆ ಮನೆಯವರ ದುಡಿಮೆಗೆ ಒಂದು ಮಜೂರಿ. ಅಷ್ಟೇ. ನಿಮ್ಮ ಸ್ವಂತ ಜಮೀನಿನ ಗೇಣಿ, ನೀವು ಹಾಕಿದ ಬಂಡವಾಳದ ಬಡ್ಡಿ ಇವೆಲ್ಲಾ ಸೇರುವುದು ಸಿ2 ಅನ್ನುವ ಲೆಕ್ಕದಲ್ಲಿ. ಆ ಲೆಕ್ಕದ ಮೇಲೆ ಒಂದೂವರೆ ಪಟ್ಟು ಕೊಡಿ ಅಂತ ರೈತರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. 2018-19ರಿಂದ ಸರ್ಕಾರ ಒಂದೂವರೆ ಪಟ್ಟು ಅಂತ ಸಾರಿದ್ದು ಎ2, ಎಫ್‌ಎಲ್ ಲೆಕ್ಕದ ಮೇಲೆ. ಅಂದರೆ ಬೆಲೆ ಕಟ್ಟುವ ದಿನ ನಿಮ್ಮ ಜಮೀನಿಗೆ ಬೆಲೆ ಸೊನ್ನೆ. ಅದು ಆಕಾಶದಿಂದ ಬಿಟ್ಟಿ ಬಿದ್ದದ್ದು.

ಅದೇ ಸರ್ಕಾರ ಕಾರ್ಡು ಕೊಡುವ ದಿನ ಪಹಣಿ ತೆಗೆದು ಮೇಜಿನ ಮೇಲೆ ಹರಡುತ್ತದೆ. ಎಂಟು ಎಕರೆ ಇದೆಯಲ್ಲಪ್ಪಾ, ನೀನು ಬಡವ ಹೇಗಾಗ್ತೀಯ ಅನ್ನುತ್ತದೆ. ಬೆಲೆ ಕೊಡುವಾಗ ಇಲ್ಲದ ಜಮೀನು ಕಾರ್ಡು ಕೊಡುವಾಗ ಎಲ್ಲಿಂದ ಬಂತು? ಕೊಳ್ಳುವ ಸೇರು ಒಂದು, ಅಳೆಯುವ ಸೇರು ಇನ್ನೊಂದು ಇಟ್ಟುಕೊಂಡ ಸಾಹುಕಾರನನ್ನು ನಾವು ಬಯ್ಯುತ್ತೇವೆ. ಇದಕ್ಕೆ ಏನು ಹೆಸರಿಡೋಣ?

ಎಂಟು ಎಕರೆ ಖುಷ್ಕಿಯ ಲೆಕ್ಕವನ್ನೇ ಹಾಕಿ ನೋಡಿ. ಆರು ಎಕರೆಗೆ ರಾಗಿ ಬಿತ್ತಿದಿರಿ. ಮಳೆ ಕೈಕೊಡದೆ ಎಕರೆಗೆ ಎಂಟು ಕ್ವಿಂಟಾಲ್ ಬಂತು, 48 ಕ್ವಿಂಟಾಲ್. ಅಷ್ಟೂ ಬೆಂಬಲ ಬೆಲೆಗೇ ಹೋಯಿತು ಅಂತಲೇ ಇಟ್ಟುಕೊಳ್ಳಿ: 2,05,920 ರೂಪಾಯಿ. ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ, ಸಾಗಾಣಿಕೆ ಎಲ್ಲಾ ಸೇರಿ ಎಕರೆಗೆ 20 ಸಾವಿರ ಖರ್ಚು ಅಂದರೆ 1,20,000 ಹೋಯಿತು. ಉಳಿದದ್ದು 85,920. ಮನೆಗೆ ಬೇಕಾದ ರಾಗಿ ಇನ್ನೂ ಎತ್ತಿಟ್ಟಿಲ್ಲ, ಹಳೆ ಸಾಲದ ಬಡ್ಡಿ ಕಟ್ಟಿಲ್ಲ. ನಿಮ್ಮ ಹಳ್ಳಿಯ ಇಳುವರಿ, ಖರ್ಚು ಬೇರೆ ಇದ್ದರೆ ನಿಮ್ಮದನ್ನೇ ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ. ಕೈಗೆ ಬಂದ ದುಡ್ಡನ್ನೆಲ್ಲಾ ಆದಾಯ ಅಂದರೆ ಈ ಮನೆ ಗೆರೆಯ ಮೇಲೆ. ಖರ್ಚು ಕಳೆದರೆ ಗೆರೆಯ ಕೆಳಗೆ. ಎಕರೆ ಎಣಿಸಿದರೆ ಯಾವ ಲೆಕ್ಕವೂ ಬೇಡ, ನೆಟ್ಟಗೆ ಹೊರಗೆ.

ಇದು ಮಳೆ ಬಂದ ವರ್ಷದ ಮಾತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತು. ಆ ವರ್ಷ ಹೊಲದಲ್ಲಿ ಬೆಳೆ ಇರಲಿಲ್ಲ, ಪಹಣಿಯಲ್ಲಿ ಎಕರೆ ಮಾತ್ರ ಒಂದು ಗುಂಟೆಯೂ ಕಡಿಮೆ ಆಗಲಿಲ್ಲ. ಬರ ಅಂತ ಒಪ್ಪಿದ ಕೈಯೇ ಈ ಮನೆ ಬಡವರದಲ್ಲ ಅಂತಲೂ ಬರೆಯಬಲ್ಲದು.

ಇನ್ನು ಪಹಣಿಯ ಕಥೆ ನಿಮಗೆ ಹೇಳಬೇಕಾಗಿಲ್ಲ. ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿರುತ್ತದೆ. ಮೂವರು ಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡು, ಒಲೆ ಬೇರೆ ಮಾಡಿಕೊಂಡು ಇಪ್ಪತ್ತು ವರ್ಷ ಆಗಿರುತ್ತದೆ. ತಲೆಗೆ ಮೂರು ಎಕರೆ ಬಂದಿದ್ದರೂ ಕಾಗದದಲ್ಲಿ ಒಂಬತ್ತು ಎಕರೆಯ ಗೌಡರು! ಟ್ರ್ಯಾಕ್ಟರ್ ಸಾಲಕ್ಕೆ ಬೇಕು ಅಂದರು ಅಂತ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರ ಪಾಡೂ ಇದೇ. ರಿಟರ್ನ್ ಸಲ್ಲಿಸುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ಒಂದು ಪೈಸೆ ತೆರಿಗೆ ಕಟ್ಟದವನೂ ಕಂಪ್ಯೂಟರಿನ ಕಣ್ಣಿಗೆ ಸಾಹುಕಾರನಾಗಿ ಕಾಣಬಹುದು.

2024ರ ನವೆಂಬರಿನಲ್ಲಿ ಏನಾಯಿತು ನೆನಪಿದೆಯಲ್ಲ? ಅನರ್ಹರನ್ನು ಹುಡುಕುತ್ತೇವೆ ಅಂತ ಹೊರಟು ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಲು, ಎಪಿಎಲ್‌ಗೆ ದೂಡಲು ಶುರು ಮಾಡಿದರು. ರಾಜ್ಯದ ತುಂಬ ಗದ್ದಲ ಎದ್ದಿತು. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಮಿಕ್ಕವರ ಕಾರ್ಡು ವಾಪಸ್ ಕೊಡಿ ಅಂತ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಗದ್ದಲ ಎದ್ದದ್ದರಿಂದ ಕಾರ್ಡು ಉಳಿಯಿತು. ಆದರೆ ಕಾರ್ಡು ರದ್ದಾಗಿದೆ ಅಂತ ಅಕ್ಕಿ ಅಂಗಡಿಯಲ್ಲಿ ಗೊತ್ತಾದರೆ ಒಂದು ತಿಂಗಳ ಅಕ್ಕಿ ಹೋಗುತ್ತದೆ. ಆಸ್ಪತ್ರೆಯಲ್ಲಿ ಗೊತ್ತಾದರೆ? ಅಲ್ಲಿ ಗದ್ದಲ ಎಬ್ಬಿಸಲು ವೇಳೆ ಎಲ್ಲಿರುತ್ತದೆ?

ಆಕ್ಷೇಪಕ್ಕೆ ಉತ್ತರ

ಪಟ್ಟಣದವರು ಒಂದು ಮಾತು ಹೇಳುತ್ತಾರೆ. ಹಳ್ಳಿಯಲ್ಲಿ ಕಾರಿದ್ದವರ ಮನೆಯಲ್ಲೂ ಬಿಪಿಎಲ್ ಕಾರ್ಡು ಇದೆ, ಕೃಷಿ ಆದಾಯಕ್ಕೆ ತೆರಿಗೆಯೂ ಇಲ್ಲ, ಇವರಿಗೆ ಇನ್ನೇನು ಬೇಕು ಅಂತ. ಮೊದಲನೆಯದು ಸುಳ್ಳಲ್ಲ. ಅಡಿಕೆ ತೋಟ, ಕಾಂಟ್ರಾಕ್ಟು, ಪೇಟೆಯಲ್ಲಿ ಬಾಡಿಗೆ ಮನೆ ಎಲ್ಲಾ ಇದ್ದು ಬಿಪಿಎಲ್ ಕಾರ್ಡು ಇಟ್ಟುಕೊಂಡವರು ನಮ್ಮ ನಡುವೆ ಇದ್ದಾರೆ. ಅಂಥವರ ಪರ ನಾವು ಒಂದು ಮಾತೂ ಆಡಬಾರದು. ಅವರಿಂದಲೇ ನಿಜವಾದ ಬಡ ಒಕ್ಕಲಿನ ಮೇಲೂ ಅನುಮಾನದ ಕಣ್ಣು ಬೀಳುತ್ತದೆ. ಆದರೆ ಹತ್ತು ಇಲಿ ಸೇರಿಕೊಂಡವು ಅಂತ ಕಣಜಕ್ಕೇ ಬೆಂಕಿ ಇಡುವುದು ಬೇಡ.

ನಮ್ಮವರಿಗೂ ಒಂದು ಮಾತು ಹೇಳಬೇಕಾಗಿದೆ. ಕೂಲಿಯವನಿಗೆ ಪುಕ್ಕಟೆ, ನಮಗೆ ಇಲ್ಲ ಅಂತ ಜಗುಲಿ ಮೇಲೆ ಕೂತು ಗೊಣಗುವುದು ಬಿಡಿ. ಜಮೀನಿಲ್ಲದವನಿಗೆ ಸಿಕ್ಕಿದ್ದು ನಿಮ್ಮ ಪಾಲಿನಿಂದ ಕಿತ್ತುಕೊಂಡದ್ದಲ್ಲ. ಅವನ ಚಿಕಿತ್ಸೆ ಅವನ ಹಕ್ಕು. ನಿಮಗೆ ಬೇಕಾದ್ದನ್ನು ಸರ್ಕಾರದ ಹತ್ತಿರ ಕೇಳಿ, ಕೂಲಿಯವನ ಮೇಲೆ ಮುನಿಸಿಕೊಂಡು ಬರುವುದೇನಿಲ್ಲ. ಒಕ್ಕಲನ್ನೂ ಕೂಲಿಯನ್ನೂ ಎದುರುಬದುರು ನಿಲ್ಲಿಸಿದರೆ ಲಾಭ ಯಾರಿಗೆ ಅಂತ ಯೋಚಿಸಿ.

ಬೇರೆ ದಾರಿ ಇದೆಯೇ?

ಇದೆ. ನಾವೇ ಕಂಡದ್ದು. 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಶುರುವಾಯಿತು. ಹೃದಯದ ಡಾಕ್ಟರು ದೇವಿಪ್ರಸಾದ್ ಶೆಟ್ಟರ ಯೋಚನೆಗೆ ಸಹಕಾರ ಇಲಾಖೆ ಕೈಜೋಡಿಸಿತು. ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಪಟ್ಟಿಯಲ್ಲಿದ್ದ ಆಪರೇಷನ್ನುಗಳು ಖರ್ಚಿಲ್ಲದೆ ಆಗುತ್ತಿದ್ದವು. ನಿನಗೆಷ್ಟು ಎಕರೆ, ನಿನ್ನ ವರಮಾನ ಎಷ್ಟು ಅಂತ ಯಾರೂ ಕೇಳಲಿಲ್ಲ. ಸೊಸೈಟಿಯ ಸದಸ್ಯನೋ ಅಲ್ಲವೋ ಅಂತ ಕೇಳಿದರು. ರೈತ ತಾನು ಕಟ್ಟಿದ ದುಡ್ಡಿನ ಹಕ್ಕಿನಿಂದ ಆಸ್ಪತ್ರೆಗೆ ಹೋದ, ಬೇಡುವವನ ಹಾಗಲ್ಲ. ಅದಕ್ಕೂ ಕೊರತೆ ಇತ್ತು. ಔಷಧಿ ಚೀಟಿ ಬರೆಸಿಕೊಂಡು ಬರುವ ಕಾಯಿಲೆಗೆ ಅದರಿಂದ ಪ್ರಯೋಜನ ಇರಲಿಲ್ಲ. ಆದರೂ ಲಕ್ಷಾಂತರ ಜನ ಸೇರಿದರು.

2018ರಲ್ಲಿ ಆರೋಗ್ಯ ಕರ್ನಾಟಕ ಬಂತು ಅಂತ ಯಶಸ್ವಿನಿಯನ್ನು ಅದರೊಳಗೆ ಸೇರಿಸಿ ಮುಚ್ಚಿದರು. ನಿನ್ನೆವರೆಗೆ ದುಡ್ಡು ಕಟ್ಟಿ ಹಕ್ಕಿನಿಂದ ಹೋಗುತ್ತಿದ್ದವನು ಮಾರನೆ ದಿನ ನೂರಕ್ಕೆ 30ರ ಎಪಿಎಲ್ ರೋಗಿ! ನಾಲ್ಕು ವರ್ಷ ಕಳೆದು 2022ರಲ್ಲಿ ಮತ್ತೆ ಶುರು ಮಾಡಿದರು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ ಅಂತ ಗೊತ್ತುಮಾಡಿದರು. ಒಳ್ಳೆಯದೇ ಆಯಿತು. ಆದರೆ ಒಂದು ಸಲ ಮುಚ್ಚಿದವರು ಇನ್ನೊಂದು ಸಲ ಮುಚ್ಚಲಾರರು ಅಂತ ಏನು ಭರವಸೆ? ಅದಕ್ಕೇ ಇದು ಕಾನೂನಿನಲ್ಲಿ ನಿಲ್ಲಬೇಕು, ಮಂತ್ರಿಗಳ ಮರ್ಜಿಯಲ್ಲಿ ಅಲ್ಲ.

ಆದಾಯ ನೋಡಿಯೇ ಕೊಡಬೇಕು ಅನ್ನುವುದಾದರೆ ಅದಕ್ಕೂ ಒಂದು ಕ್ರಮ ಇದೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿನ ಪ್ರಕಾರ ಆದಾಯ ಕಡಿಮೆ ಇದ್ದವರಿಗೆ ವಿಮೆಯ ಕಂತಿನಲ್ಲಿ ನೆರವು ಸಿಗುತ್ತದೆ. ಅಲ್ಲಿ ರೈತನ ಆದಾಯ ಅಂದರೆ ಬೀಜ, ಗೊಬ್ಬರ, ಇಂಧನ, ಸಾಲದ ಬಡ್ಡಿ, ಯಂತ್ರದ ಸವಕಳಿ ಎಲ್ಲಾ ಕಳೆದು ಉಳಿದದ್ದು. ಈ ನೆರವಿಗೆ ಹೊಲ ಎಷ್ಟು ಎಕರೆ ಅಂತ ಕೇಳುವುದಿಲ್ಲ. ಆದಾಯ ಏರಿದ ಹಾಗೆ ನೆರವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆ ದೇಶದಲ್ಲಿ ಎಲ್ಲಾ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ವಿಮಾ ಕಂಪನಿಗಳ ಕೈಗೆ ಸಿಕ್ಕ ಅಲ್ಲಿನ ಆಸ್ಪತ್ರೆಗಳ ದುಬಾರಿತನ ಲೋಕಕ್ಕೇ ಗೊತ್ತು. ಆದರೆ ಖರ್ಚು ಕಳೆದು ಉಳಿದದ್ದೇ ಆದಾಯ ಅನ್ನುವ ಸಣ್ಣ ಮಾತು ನಮ್ಮ ಕಚೇರಿಗಳಿಗೆ ಯಾಕೆ ತಿಳಿಯುವುದಿಲ್ಲ?

ನಾವು ಏನು ಕೇಳಬೇಕು?

ಒಂದು: ಒಕ್ಕಲಿನ ಆದಾಯ ಅಂದರೆ ಖರ್ಚು ಮತ್ತು ಬಡ್ಡಿ ಕಳೆದು ಉಳಿದದ್ದು. ಒಂದು ವರ್ಷದ್ದಲ್ಲ, ಮೂರು ವರ್ಷದ ಸರಾಸರಿ. ಬರ ಬಿದ್ದ ತಾಲ್ಲೂಕಿನಲ್ಲಿ ಆ ವರ್ಷ ಯಾವ ಕಾರ್ಡನ್ನೂ ಮುಟ್ಟಬಾರದು.

ಎರಡು: ಜಮೀನನ್ನು ಲೆಕ್ಕಕ್ಕೆ ಹಿಡಿಯುವುದೇ ಆದರೆ ಬೆಲೆ ಕಟ್ಟುವಾಗಲೂ ಹಿಡಿಯಿರಿ. ಅಲ್ಲಿ ಬೇಡ ಅಂದರೆ ಇಲ್ಲೂ ಬೇಡ. ಸಾಲದ ಕಾರ್ಡನ್ನು ಸಿರಿತನದ ಗುರುತಾಗಿ ಇನ್ನು ಯಾವ ಗಣತಿಯಲ್ಲೂ ಎಣಿಸಬಾರದು.

ಮೂರು: 1 ಲಕ್ಷ 20 ಸಾವಿರ ಅನ್ನುವ ಗೆರೆ ಬೆಲೆಯೇರಿಕೆಯ ಜೊತೆಗೆ ಪ್ರತಿ ವರ್ಷ ಏರಬೇಕು. ಗೆರೆಯ ಈಚೆ ಪೂರ್ತಿ ಉಚಿತ, ಆಚೆ ನೂರಕ್ಕೆ 30 ಅನ್ನುವ ಪ್ರಪಾತ ಹೋಗಬೇಕು. ಗೆರೆಗಿಂತ ಸಾವಿರ ರೂಪಾಯಿ ಹೆಚ್ಚು ದುಡಿದವನು 70 ಸಾವಿರದ ಹಳ್ಳಕ್ಕೆ ಬೀಳುವುದು ಯಾವ ನ್ಯಾಯ? ನೂರಕ್ಕೆ 80, 60, 40 ಅಂತ ಮೆಟ್ಟಿಲು ಕಟ್ಟಲಿ.

ನಾಲ್ಕು: ಬರಹದಲ್ಲಿ ಕಾರಣ ಕೊಡದೆ, ಮನೆಯವರ ಮಾತು ಕೇಳದೆ, ಗ್ರಾಮಸಭೆಯಲ್ಲಿ ಓದಿ ಹೇಳದೆ ಒಂದು ಕಾರ್ಡೂ ರದ್ದಾಗಕೂಡದು. ತಕರಾರು ತೀರುವ ತನಕ ಆಸ್ಪತ್ರೆಯಲ್ಲಿ ಹಳೆ ಕಾರ್ಡೇ ನಡೆಯಬೇಕು.

ಕೇಳುವುದರ ಜೊತೆಗೆ ನಾವು ಮಾಡಬೇಕಾದ್ದೂ ಇದೆ. ಅಜ್ಜನ ಖಾತೆ ಅಜ್ಜನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ, ವಿಭಾಗ ಮಾಡಿಸಿಕೊಳ್ಳಿ. ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಕೊಟ್ಟರೆ ಸಕಾಲದ ರಶೀದಿ ಕೇಳಿ ಇಸಕೊಳ್ಳಿ. ಗ್ರಾಮ ಲೆಕ್ಕಿಗರು ಅಂದಾಜಿನಲ್ಲಿ ಒಂದು ಮೊತ್ತ ಬರೆದರೆ ಯಾವ ಲೆಕ್ಕದ ಮೇಲೆ ಬರೆದಿರಿ ಅಂತ ಕೇಳಿ. ಕೇಳಬೇಕಾದರೆ ನಿಮ್ಮ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ಗೊಬ್ಬರದ ಅಂಗಡಿ ಚೀಟಿ, ಎಪಿಎಂಸಿ ಚೀಟಿ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಬಡ್ಡಿ ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಮಗಳ ಕೈಲೋ ಮಗನ ಕೈಲೋ ಬರೆಸಿಡಿ. ವೈಜ್ಞಾನಿಕ ಬೆಲೆ ಕೇಳುವುದಕ್ಕೆ ಬೇಕಾದ ಲೆಕ್ಕವೂ ಅದೇ, ಕಾರ್ಡು ಉಳಿಸಿಕೊಳ್ಳುವುದಕ್ಕೆ ಬೇಕಾದ ಲೆಕ್ಕವೂ ಅದೇ.

ಯಶಸ್ವಿನಿಗೆ ಸೇರುವ ಕಾಲ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಸೊಸೈಟಿ ಕಾರ್ಯದರ್ಶಿಯನ್ನು ಈಗಲೇ ವಿಚಾರಿಸಿ. ಕಾಯಿಲೆ ಬಂದಾಗ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಪತ್ರ ಬರೆಸಿಕೊಳ್ಳಿ. ಪತ್ರ ಇಲ್ಲದೆ ಹೋದರೆ ಯೋಜನೆ ಸಿಗುವುದು ಕಷ್ಟ. ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಮಾತ್ರ ಪತ್ರದ ಗೊಡವೆ ಇಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ದುಡ್ಡು ಕಟ್ಟುವ ಮೊದಲು ಅವರನ್ನು ಕಂಡು ಮಾತಾಡಿ.

ಹೊಲದಲ್ಲಿ ಬೆವರು ಸುರಿಸಿ ನಾಡಿಗೆ ಅನ್ನ ಕೊಡುವವನು ಆಸ್ಪತ್ರೆಯಲ್ಲಿ ತಾನು ಬಡವ ಅಂತ ರುಜುವಾತು ಮಾಡಲು ಕೈಮುಗಿದು ನಿಲ್ಲಬೇಕಾಗಿಲ್ಲ. ಮುಂದಿನ ಗ್ರಾಮಸಭೆಗೆ ಆ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ. ಒಬ್ಬರೇ ಬೇಡ, ಊರಿನವರೆಲ್ಲಾ ಒಟ್ಟಿಗೆ ಹೋಗಿ. ನಮ್ಮ ಜಮೀನಿಗೆ ಬೆಲೆ ಇದೆಯೋ ಇಲ್ಲವೋ, ಒಂದು ಮಾತು ಹೇಳಿ ಸ್ವಾಮಿ ಅಂತ ಕೇಳಿ.